ಹದಿನೈದನೇ ದಿನ ಸೀಟಿ ಊದುವವರು ಯಾರು?

ಫೋಟೋ ಯಾವಾಗಲೂ ಒಂದೇ. ಕೆಂಪು ಮಣ್ಣಿನ ಮೈದಾನ, ಇಪ್ಪತ್ತು ಮಕ್ಕಳು, ನಡುವೆ ಬಿಸಿಲಿಗೆ ಮೂಗು ಕೆಂಪಾದ ಒಬ್ಬ ಯುವಕ ಇಲ್ಲವೇ ಯುವತಿ, ಕಂಕುಳಲ್ಲಿ ಹೊಸ ಫುಟ್‌ಬಾಲು. ಕೆಳಗಿನ ಒಕ್ಕಣೆಯೂ ಒಂದೇ: ಕಲಿಸಲೆಂದು ಹೋದರೆ ಮಕ್ಕಳೇ ಕಲಿಸಿ ಕಳಿಸಿದರಂತೆ. ಏನು ಕಲಿಸಿದರು ಎಂಬುದನ್ನು ಮಾತ್ರ ಯಾರೂ ಬರೆಯುವುದಿಲ್ಲ. ಫೋಟೋದ ಅಂಚಿನಲ್ಲಿ, ಅರ್ಧ ಕತ್ತರಿಸಿಹೋದಂತೆ, ಕೈಕಟ್ಟಿ ನಿಂತ ಇನ್ನೊಬ್ಬ ಇರುತ್ತಾನೆ. ಅವನು ಆ ಊರಿನ ಕೋಚ್. ವರ್ಷದ ಐವತ್ತು ವಾರ ಆ ಮಕ್ಕಳನ್ನು ಆಡಿಸುವವನು ಅವನೇ. ಉಳಿದೆರಡು ವಾರ ಸೀಟಿ ಬೇರೆಯವರ ಬಾಯಲ್ಲಿರುತ್ತದೆ.

ಆಫ್ರಿಕಾದ ಹಳ್ಳಿಗಳಿಗೆ ಚೆಂಡು ಹೊತ್ತು ಹೋಗುವ ಈ ‘ಕ್ರೀಡಾ ಸ್ವಯಂಸೇವೆ’ಯ ಬಗ್ಗೆ ಯಾರಾದರೂ ತುಟಿ ಬಿಚ್ಚಿದರೆ ಸಾಕು, ಉತ್ತರ ರೆಡಿಯಾಗಿಯೇ ಇರುತ್ತದೆ: ಕೂತಲ್ಲೇ ಕೊಂಕು ನುಡಿಯುವವರಿಗಿಂತ ಎರಡು ವಾರವಾದರೂ ಹೋಗಿ ದುಡಿದು ಬಂದವರು ಮೇಲಲ್ಲವೇ? ಅಲ್ಲ. ಕೂತಲ್ಲೇ ಕೂತವನು ಕೊನೇಪಕ್ಷ ಇನ್ನೊಬ್ಬನ ಸೀಟಿ ಕಸಿದಿರುವುದಿಲ್ಲ.

2019ರ ಜಗಳ ಬಹಳ ಮಂದಿಗೆ ನೆನಪಿರಬಹುದು. ಬ್ರಿಟನ್ನಿನ ಟಿವಿ ನಿರೂಪಕಿ ಸ್ಟೇಸಿ ಡೂಲಿ ಕಾಮಿಕ್ ರಿಲೀಫ್ ಸಂಸ್ಥೆಯ ಪರವಾಗಿ ಉಗಾಂಡಕ್ಕೆ ಹೋಗಿ, ಪುಟ್ಟ ಮಗುವೊಂದನ್ನು ಎತ್ತಿಕೊಂಡು ತೆಗೆಸಿಕೊಂಡ ಚಿತ್ರವನ್ನು ಇನ್‌ಸ್ಟಾಗ್ರಾಂಗೆ ಹಾಕಿದರು. ಸಂಸದ ಡೇವಿಡ್ ಲ್ಯಾಮಿ, ಜಗತ್ತಿಗೆ ಇನ್ನಷ್ಟು ಬಿಳಿಯ ಉದ್ಧಾರಕರು ಬೇಕಿಲ್ಲ ಎಂದು ಬಹಿರಂಗವಾಗಿಯೇ ಜಾಡಿಸಿದರು. ಆ ಹೊತ್ತಿನಲ್ಲಿ ಲ್ಯಾಮಿಗೆ ಬಿದ್ದ ಬೈಗುಳ ಅಷ್ಟಿಷ್ಟಲ್ಲ. ಮುಂದಿನ ವರ್ಷ ಅದೇ ಸಂಸ್ಥೆ, ಇನ್ನು ತಾರೆಯರನ್ನು ಆಫ್ರಿಕಾಕ್ಕೆ ಕಳಿಸಿ ಚಿತ್ರೀಕರಿಸುವುದಿಲ್ಲ, ಅಲ್ಲಿನವರ ಕಥೆಯನ್ನು ಅಲ್ಲಿನ ಚಿತ್ರ ನಿರ್ಮಾಪಕರೇ ಹೇಳಲಿ ಎಂದು ಪ್ರಕಟಿಸಿತು. ತಾರೆಯರೇನೋ ಹಿಂದೆ ಸರಿದರು. ಚೆಂಡು ಹಿಡಿದವರು ಸರಿಯಲಿಲ್ಲ. ಮಗುವನ್ನು ಎತ್ತಿಕೊಂಡರೆ ಉದ್ಧಾರಕರಾಗಿಬಿಡುತ್ತಾರಂತೆ, ಆಟಕ್ಕಿಳಿದರೆ ಆಗುವುದಿಲ್ಲವಂತೆ!

ಲೆಕ್ಕ ನೋಡೋಣ. 2008ರ ಒಂದು ಅಂದಾಜಿನ ಪ್ರಕಾರ ಪ್ರವಾಸ ಮತ್ತು ಸ್ವಯಂಸೇವೆಯನ್ನು ಬೆರೆಸಿ ಜಗತ್ತು ಸುತ್ತುವವರು ವರ್ಷಕ್ಕೆ 16 ಲಕ್ಷ. ಈ ವ್ಯಾಪಾರದ ಗಾತ್ರ 170ರಿಂದ 260 ಕೋಟಿ ಡಾಲರ್. ಭಾಗಿಸಿದರೆ ತಲೆಗೆ ಸಾವಿರ ಡಾಲರ್ ದಾಟುತ್ತದೆ. ಆ ಹಣದಲ್ಲಿ ವಿಮಾನ ಕಂಪನಿಗೆ ಪಾಲಿದೆ, ಏಜೆನ್ಸಿಗೆ ಪಾಲಿದೆ, ವಾರಾಂತ್ಯದ ಸಫಾರಿಗೆ ಪಾಲಿದೆ. ಫೋಟೋದ ಅಂಚಿನಲ್ಲಿ ನಿಂತವನಿಗೆ ಎಷ್ಟು? ಜಾಂಬಿಯಾದ ಕ್ರೀಡಾ ಯೋಜನೆಗಳಲ್ಲಿ ಮಕ್ಕಳನ್ನು ಆಡಿಸುವ ಸ್ಥಳೀಯ ಹುಡುಗ ಹುಡುಗಿಯರಲ್ಲಿ ಹೆಚ್ಚಿನವರು ಸಂಬಳವಿಲ್ಲದೆ ದುಡಿಯುವವರು. ನಿಜವಾದ ಸ್ವಯಂಸೇವಕರು ಅವರೇ. ಆದರೆ ಆ ಪದವಿ ಬೇಕಾದರೆ ಮೊದಲು ಪಾಸ್‌ಪೋರ್ಟ್‌ಗೆ ಠಸ್ಸೆ ಬೀಳಬೇಕು. ಊರವನು ಪುಕ್ಕಟೆ ದುಡಿದರೆ ನಿರುದ್ಯೋಗಿ, ಪರದೇಶಿ ದುಡ್ಡು ಕೊಟ್ಟು ದುಡಿದರೆ ಸೇವಾವ್ರತಿ. ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ ಎನ್ನುವ ಗಾದೆಯಲ್ಲಿ ದೇವಿಗಾದರೂ ಪೂಜೆ ಸಲ್ಲುತ್ತದೆ. ಈ ಜಾತ್ರೆಯಲ್ಲಿ ಅದೂ ಇಲ್ಲ.

ಇಂಥ ಏಜೆನ್ಸಿಗಳಿಗೆ ಆಸರೆಯಾಗಿ ಮಂಡೇಲಾ ಬೇರೆ ಬೇಕು. ಕ್ರೀಡೆಗೆ ಜಗತ್ತನ್ನೇ ಬದಲಿಸುವ ಶಕ್ತಿ ಇದೆ ಎಂದು ಅವರು 2000ದಲ್ಲಿ ಆಡಿದ ಮಾತು ಎಲ್ಲ ಕರಪತ್ರಗಳಿಗೂ ಮಂಗಳಾಚರಣೆಯ ಶ್ಲೋಕ. ಆ ಭಾಷಣ ನಡೆದದ್ದು ಯಾವ ಹಳ್ಳಿಯ ಮೈದಾನದಲ್ಲೂ ಅಲ್ಲ. ಮೊನಾಕೊದಲ್ಲಿ, ಲಾರಿಯಸ್ ಕ್ರೀಡಾ ಪ್ರಶಸ್ತಿ ಸಮಾರಂಭದಲ್ಲಿ. ಕ್ರೀಡೆ ಮತ್ತು ಅಭಿವೃದ್ಧಿಯ ನಂಟನ್ನು ವರ್ಷಗಟ್ಟಲೆ ಅಳೆದು ನೋಡಿದ ಬ್ರಿಟಿಷ್ ವಿದ್ವಾಂಸ ಫ್ರೆಡ್ ಕೋಲ್ಟರ್ ತಮ್ಮ 2013ರ ಪುಸ್ತಕದ ಹೆಸರಿನಲ್ಲೇ ಕೇಳಿಬಿಟ್ಟರು: ಅಸಲಿಗೆ ನಾವು ಆಡುತ್ತಿರುವುದು ಯಾವ ಆಟ? ಆ ಪ್ರಶ್ನೆಯನ್ನು ಯಾವ ಕರಪತ್ರವೂ ಅಚ್ಚು ಹಾಕುವುದಿಲ್ಲ.

ಆಟದ ಹೆಸರಿನಲ್ಲಿ ಆಫ್ರಿಕಾದ ಹಳ್ಳಿಗೆ ಏನೇನು ಬಂದಿಳಿದಿದೆ ಎಂಬುದಕ್ಕೆ ಎರಡು ವಸ್ತುಗಳು ಸಾಕು.

ಒಂದು, ಪ್ಲೇಪಂಪ್. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಇದು ಮಕ್ಕಳು ಗಿರಗಿರನೆ ಸುತ್ತಿಸುವ ಆಟದ ಚಕ್ರ. ಚಕ್ರ ತಿರುಗಿದರೆ ಕೊಳವೆಬಾವಿಯ ನೀರು ಟ್ಯಾಂಕಿಗೇರುತ್ತದೆ. ಮಕ್ಕಳಿಗೆ ಆಟ, ಊರಿಗೆ ನೀರು. ದಾನಿಗಳ ಕಣ್ಣಲ್ಲೂ ನೀರು. 2006ರಲ್ಲಿ ಅಮೆರಿಕದ ಅಧ್ಯಕ್ಷರ ಪತ್ನಿ ಲಾರಾ ಬುಷ್ ಖುದ್ದಾಗಿ ವೇದಿಕೆ ಹತ್ತಿ 1 ಕೋಟಿ 64 ಲಕ್ಷ ಡಾಲರ್ ಘೋಷಿಸಿದರು. 2010ರೊಳಗೆ 4,000 ಪಂಪು ಎಂಬ ಗುರಿ. ಒಂದೊಂದಕ್ಕೆ ಸುಮಾರು 14,000 ಡಾಲರ್, ಸಾಮಾನ್ಯ ಕೈಪಂಪಿನ ನಾಲ್ಕು ಪಟ್ಟು. 2009ರಲ್ಲಿ ಗಾರ್ಡಿಯನ್ ಪತ್ರಿಕೆ ಕೂತು ಲೆಕ್ಕ ಹಾಕಿತು: ಒಂದು ಪಂಪು ಹೇಳಿಕೊಂಡಷ್ಟು ಜನರಿಗೆ ನೀರುಣಿಸಬೇಕಾದರೆ ಮಕ್ಕಳು ದಿನಕ್ಕೆ 27 ಗಂಟೆ ಆಡಬೇಕು. ದಿನಕ್ಕೆ ಇರುವುದೇ ಇಪ್ಪತ್ತನಾಲ್ಕು ಎಂದು ವಾಷಿಂಗ್ಟನ್ನಿನ ಗಣ್ಯರಿಗೆ ಯಾರು ಹೇಳಬೇಕಿತ್ತು? ಮಕ್ಕಳು ಮಕ್ಕಳೇ, ಬೇಸರವಾಯಿತು, ಬಿಟ್ಟು ಓಡಿದರು. ಆಮೇಲೆ ಆ ಬಣ್ಣದ ಚಕ್ರವನ್ನು ಸೊಂಟ ಬಗ್ಗಿಸಿ, ಗಾಣದ ಎತ್ತಿನಂತೆ ಸುತ್ತು ಹಾಕಿ ತಳ್ಳಿದವರು ಕೊಡ ಹಿಡಿದು ಬಂದ ಹೆಂಗಸರು. ಮೊದಲು ಕೈಪಂಪು ಒತ್ತಿದರೆ ನೀರು ಬರುತ್ತಿತ್ತು. ಈಗ ಮೊಮ್ಮಕ್ಕಳಿರುವ ಅಜ್ಜಿಯೂ ಊರೆದುರು ಜಾತ್ರೆಯ ಗಿರಕಿ ಹೊಡೆಯಬೇಕು. ಹಾಕುವ ಮುಂಚೆ ಅವರನ್ನೊಮ್ಮೆ ಕೇಳಿದ್ದರೆ 1 ಕೋಟಿ 64 ಲಕ್ಷ ಡಾಲರಿನ ಪಾಠ ಪುಕ್ಕಟೆ ಸಿಗುತ್ತಿತ್ತು.

ಎರಡು, ಸೋತವರ ಅಂಗಿ. ಅಮೆರಿಕನ್ ಫುಟ್‌ಬಾಲಿನ ಅಂತಿಮ ಪಂದ್ಯಕ್ಕೆ ಮುಂಚೆಯೇ ಎರಡೂ ತಂಡಗಳನ್ನು ‘ಚಾಂಪಿಯನ್’ ಎಂದು ಸಾರುವ ಟೀ ಶರ್ಟುಗಳು ಅಚ್ಚಾಗಿರುತ್ತವೆ. 2011ರಲ್ಲಿ ಪಿಟ್ಸ್‌ಬರ್ಗ್ ಸ್ಟೀಲರ್ಸ್ ಸೋತಿತು. ಅಮೆರಿಕದಲ್ಲಿ ಮಾರಲಾಗದ ಆ ಸುಳ್ಳನ್ನು ಏನು ಮಾಡುವುದು? ವರ್ಲ್ಡ್ ವಿಷನ್ ಸಂಸ್ಥೆಯ ಮೂಲಕ ಸುಮಾರು ಒಂದು ಲಕ್ಷ ಬಟ್ಟೆ ಜಾಂಬಿಯಾ ಮೊದಲಾದ ದೇಶಗಳಿಗೆ ದಾನವಾಗಿ ಹೊರಟಿತು. ಅಲ್ಲಿ ಬಟ್ಟೆ ನೇಯುವವರು, ಹೊಲಿಯುವವರು, ಮಾರುವವರು ಇದ್ದಾರೆ ಎಂದು ಅರ್ಥಶಾಸ್ತ್ರ ಓದಿದವರು ಬಡಿದುಕೊಂಡರು. ಸಂಸ್ಥೆ ತನ್ನ ದಾನವನ್ನು ಸಮರ್ಥಿಸಿಕೊಂಡಿತು. ಅಮೆರಿಕದಲ್ಲಿ ನಡೆಯದ ಗೆಲುವು ಆಫ್ರಿಕಾದ ಹಳ್ಳಿಯ ಮೈಮೇಲೆ ನಡೆಯಿತು, ಅಷ್ಟೇ.

ಎರಡು ವಾರದ ಸ್ವಯಂಸೇವಕ ಇದೇ ಸಾಲಿನ ಮೂರನೇ ಸರಕು.

ಇವನ ಚೀಲದಲ್ಲಿ ಹೊಸ ಚೆಂಡು ಇರುತ್ತದೆ, ಸರಿ. ಆದರೆ ಚೆಂಡಿಗೋಸ್ಕರ ಆಟ ನಿಂತಿದ್ದ ಹಳ್ಳಿ ಆಫ್ರಿಕಾದಲ್ಲಿ ಎಲ್ಲಿದೆ? ಜಾಂಬಿಯಾದ ಮಕ್ಕಳು ‘ಚಿಂಪೊಂಬ್ವಾ’ ಎನ್ನುವ ಚೆಂಡನ್ನು ತಾವೇ ಕಟ್ಟಿಕೊಳ್ಳುತ್ತಾರೆ. ಪ್ಲಾಸ್ಟಿಕ್ ಚೀಲಗಳನ್ನು ಉಂಡೆ ಮಾಡಿ, ಮೇಲೆ ಇನ್ನಷ್ಟು ಸುತ್ತಿ, ಹಗ್ಗ ಬಿಗಿದು, ಒದ್ದರೂ ಬಿಚ್ಚದಂತೆ ಗಂಟು ಹಾಕುವುದು ಒಂದು ಕಸುಬು. ಆ ಉಂಡೆಯನ್ನು ಬರಿಗಾಲಲ್ಲಿ, ಕಲ್ಲು ಮುಳ್ಳಿನ ನಡುವೆ ಹಿಡಿತದಲ್ಲಿಟ್ಟು ಓಡುವ ಹುಡುಗನಿಗೆ ಹುಲ್ಲುಹಾಸಿನ ಮೇಲೆ ಆಡಿ ಬೆಳೆದವನು ಪಾಸು ಕೊಡುವುದನ್ನು ಕಲಿಸುತ್ತಾನಂತೆ.

ಪೂರ್ವ ಆಫ್ರಿಕಾದಲ್ಲಿ ಬಿಳಿಯರನ್ನು ‘ಮ್ಜುಂಗು’ ಎನ್ನುತ್ತಾರೆ. ಸ್ವಾಹಿಲಿಯಲ್ಲಿ ಅದರ ಬೇರು ಸುತ್ತುವುದು, ಅಲೆಯುವುದು ಎಂಬ ಅರ್ಥದ ಪದ. ಊರು ಸುತ್ತುವವನು! ಅಲ್ಲಿನ ಅಜ್ಜಂದಿರು ಹೆಸರಿಡುವಾಗ ತಪ್ಪು ಮಾಡಲಿಲ್ಲ. ಭಾರತದವರಿಗೆ ಬೇರೆ ಹೆಸರಿದೆ, ‘ಮುಹಿಂದಿ’. ವಿದೇಶಿ ವಿಶ್ವವಿದ್ಯಾಲಯದ ಅರ್ಜಿಗೆ ‘ಸೇವೆ’ಯ ಒಂದು ಪ್ಯಾರಾ ಬೇಕೆಂದು ಬೆಂಗಳೂರಿನಿಂದ ಹೊರಡುವ ಹುಡುಗರು ತಾವು ಮೊದಲನೇ ಪಟ್ಟಿಯಲ್ಲಿಲ್ಲ ಎಂದು ನಿರಾಳವಾಗಬೇಕಿಲ್ಲ. ಹೆಸರು ಬೇರೆಯಾದರೂ ರಿಟರ್ನ್ ಟಿಕೆಟ್ಟು ಇಬ್ಬರ ಜೇಬಲ್ಲೂ ಇದೆ.

ಮಕ್ಕಳ ನಡುವೆ ಬಿಡುವ ಮುನ್ನ ಈ ಅಪರಿಚಿತ ಯಾರು ಎಂದು ವಿಚಾರಿಸುವವರಾದರೂ ಇದ್ದಾರೆಯೇ? ಲಂಡನ್ನಿನ ಯಾವುದಾದರೂ ಶಾಲೆಯ ಆಟದ ಬಯಲಿಗೆ ಇವರು ಹೀಗೆ ನುಗ್ಗಿ ಮಕ್ಕಳನ್ನು ತಬ್ಬಿ ಫೋಟೋ ತೆಗೆಸಿಕೊಳ್ಳಲಿ ನೋಡೋಣ, ಪೊಲೀಸರು ಬರುತ್ತಾರೆ. ಕೀನ್ಯಾದ ಗಿಲ್‌ಗಿಲ್‌ನಲ್ಲಿ ಸ್ವಯಂಸೇವಕರನ್ನು ಶಾಲೆಗಳಿಗೆ ಕಳಿಸುವ ಸಂಸ್ಥೆ ಕಟ್ಟಿದ್ದ ಬ್ರಿಟಿಷ್ ವ್ಯಕ್ತಿಯೇ ಅಲ್ಲಿನ ಬೀದಿ ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ್ದು ಸಾಬೀತಾಗಿ, 2015ರಲ್ಲಿ ಬರ್ಮಿಂಗ್‌ಹ್ಯಾಮಿನ ನ್ಯಾಯಾಲಯ ಅವನಿಗೆ 17 ವರ್ಷ 4 ತಿಂಗಳ ಶಿಕ್ಷೆ ವಿಧಿಸಿತು. ಎಲ್ಲರೂ ಹಾಗಲ್ಲ ಎಂಬ ಸಮಜಾಯಿಷಿ ಬೇಡ. ಎಲ್ಲರೂ ಹಾಗಲ್ಲ ಎಂದು ತಮ್ಮ ಊರಲ್ಲಿ ಇವರು ತಮ್ಮ ಮಕ್ಕಳನ್ನು ಯಾರ ಕೈಗೂ ಒಪ್ಪಿಸುವುದಿಲ್ಲ.

ಇದು ಬಿಳಿಯರ ಚಾಳಿ ಮಾತ್ರ ಎಂದು ಬೀಗುವ ಹಕ್ಕು ಕನ್ನಡ ನಾಡಿಗಂತೂ ಇಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ಸಿದ್ದಿಗಳಿದ್ದಾರೆ. ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರ ಕುಡಿಗಳು. 1980ರ ದಶಕದಲ್ಲಿ ದಿಲ್ಲಿಗೆ ಒಂದು ಹೊಳಹು ಹೊಳೆಯಿತು: ಆಫ್ರಿಕಾದ ಮೈಕಟ್ಟು ಮನೆಯಲ್ಲೇ ಇರುವಾಗ ಒಲಿಂಪಿಕ್ ಪದಕಕ್ಕೆ ಯಾಕೆ ಪರದಾಟ? ಮಾರ್ಗರೆಟ್ ಆಳ್ವ ಕ್ರೀಡಾ ಸಚಿವೆಯಾಗಿದ್ದ ಕಾಲದಲ್ಲಿ ಕ್ರೀಡಾ ಪ್ರಾಧಿಕಾರದ ವಿಶೇಷ ಯೋಜನೆ ಬಂತು. ಅಧಿಕಾರಿಗಳು ಹಾಡಿಗಳಿಗೆ ಬಂದು ಮಕ್ಕಳನ್ನು ಓಡಿಸಿ ನೋಡಿದರು, ಎತ್ತರ ಅಳೆದರು, ಆರಿಸಿಕೊಂಡು ಹಾಸ್ಟೆಲಿಗೆ ಒಯ್ದರು. ಮಕ್ಕಳು ಓಡಿದರು, ಪದಕವನ್ನೂ ತಂದರು. 1993ಕ್ಕೆ ಯೋಜನೆ ನಿಂತಿತು. ಹರೆಯದ ಓಟಗಾರರಲ್ಲಿ ಎಷ್ಟೋ ಮಂದಿ ಮತ್ತೆ ಕೂಲಿಗೆ, ಗದ್ದೆಗೆ ಮರಳಿದರು. ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಲು ಸಿದ್ದಿಗಳು 2003ರವರೆಗೆ ಕಾಯಬೇಕಾಯಿತು. ಕಾಲಿನ ವೇಗ ಕಂಡ ಸರಕಾರಕ್ಕೆ ಹೊಟ್ಟೆಯ ಹಸಿವು ಕಾಣಲು ಅಷ್ಟು ಕಾಲ ಬೇಕಾಯಿತು. ಇಲ್ಲಿನ ಎರಡು ವಾರ ಆರೇಳು ವರ್ಷದ್ದಾಗಿತ್ತು ಎನ್ನುವುದಷ್ಟೇ ವ್ಯತ್ಯಾಸ. ಹದಿನೈದನೇ ದಿನ ಇಲ್ಲಿಗೂ ಬಂತು, ಸೀಟಿ ಊದುವವರು ಇರಲಿಲ್ಲ.

ಹಾಗಾದರೆ ಹೊರಗಿನವರು ಯಾರೂ ಕಾಲಿಡಲೇಬಾರದೇ ಎಂದು ರೇಗುವವರು ಈಟೆನ್‌ಗೆ ಹೋಗಿ ನೋಡಲಿ. ಕೀನ್ಯಾದ ಆ ಗುಡ್ಡದ ಊರಿಗೆ 1976ರಲ್ಲಿ ಐರ್ಲೆಂಡಿನ ಕ್ರೈಸ್ತ ಸಹೋದರ ಕೋಲಮ್ ಓಕಾನಲ್ ಭೂಗೋಳದ ಮೇಷ್ಟ್ರಾಗಿ ಬಂದರು. ಅಥ್ಲೆಟಿಕ್ಸಿನ ಗಂಧಗಾಳಿ ಇರಲಿಲ್ಲ. ಕಲಿಸುವುದಕ್ಕೆ ಮುಂಚೆ ನೋಡಿದರು. ನಾಲ್ಕು ದಶಕ ದಾಟಿದರೂ ಊರು ಬಿಡಲಿಲ್ಲ. ಅವರ ಸೇಂಟ್ ಪ್ಯಾಟ್ರಿಕ್ಸ್ ಶಾಲೆಯಲ್ಲಿ ಓದಿದ ಪೀಟರ್ ರೋನೊ 1988ರ ಸೋಲ್ ಒಲಿಂಪಿಕ್ಸಿನ 1500 ಮೀಟರ್ ಓಟದಲ್ಲಿ ಚಿನ್ನ ಗೆದ್ದ. ಅವರು ತಿದ್ದಿದ ಡೇವಿಡ್ ರುಡಿಶಾ 2012ರ ಲಂಡನ್ನಿನಲ್ಲಿ 800 ಮೀಟರನ್ನು 1 ನಿಮಿಷ 40.91 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಬರೆದ. ಇವರನ್ನೇ ತಮ್ಮ ಕುಲದ ಹಿರಿಯರೆಂದು ತೋರಿಸುವ ಏಜೆನ್ಸಿಗಳಿಗೆ ನಾಚಿಕೆಯಾಗಬೇಕು. ಅವರು ಬಂದದ್ದು ಮೇಷ್ಟ್ರ ಕೆಲಸಕ್ಕೆ, ಅನುಭವದ ಪ್ಯಾಕೇಜಿಗಲ್ಲ.

ಕೀನ್ಯಾದ್ದೇ ಲೈಕಿಪಿಯದ ಮಾಸಾಯಿ ಹುಡುಗರ ಕೈಗೆ ಕ್ರಿಕೆಟ್ ಬ್ಯಾಟು ಕೊಟ್ಟದ್ದು ಬಬೂನ್ ಕೋತಿಗಳ ಅಧ್ಯಯನಕ್ಕೆ ಬಂದಿದ್ದ ದಕ್ಷಿಣ ಆಫ್ರಿಕಾದ ಆಲಿಯಾ ಬಾವರ್. ಆದರೆ ಆ ಬ್ಯಾಟನ್ನು ಹೆಣ್ಣುಮಕ್ಕಳ ಜನನಾಂಗ ಛೇದನದ ವಿರುದ್ಧ ಎತ್ತಿದ್ದು, ತಮ್ಮದೇ ಹಿರಿಯರ ಎದುರು ನಿಂತು ವಾದ ಮಾಡಿದ್ದು ಆ ಹುಡುಗರೇ. ಅದೇ ದೇಶದ ಕರಾವಳಿಯ ಕಿಲಿಫಿಯಲ್ಲಿ 2001ರಲ್ಲಿ ಸಾರಾ ಫೋರ್ಡ್ ಶುರು ಮಾಡಿದ ‘ಮೂವಿಂಗ್ ದ ಗೋಲ್‌ಪೋಸ್ಟ್ಸ್’ ಅನ್ನು ಇಂದು ನಡೆಸುವವರು ಅಲ್ಲಿನ ಹೆಂಗಸರು. ಹುಡುಗಿಯರೇ ರೆಫರಿ, ಹುಡುಗಿಯರೇ ಕೋಚ್, ಗಾಯಕ್ಕೆ ಪಟ್ಟಿ ಕಟ್ಟುವವರೂ ಹುಡುಗಿಯರೇ. ನೀರು ತಂದು, ಸೌದೆ ಹೊತ್ತು ಮುಗಿಸಿದ ಮೇಲೆಯೇ ಹುಡುಗಿಗೆ ಆಟ ಎಂಬುದು ಆ ಊರಿನ ಹುಡುಗಿಗೆ ಗೊತ್ತು. ವಿಮಾನದಿಂದಿಳಿದು ವೇಳಾಪಟ್ಟಿ ಹಂಚುವವನಿಗೆ ಅದು ಗೊತ್ತಾಗುವ ಹೊತ್ತಿಗೆ ಹದಿನಾಲ್ಕು ದಿನ ಕಳೆದಿರುತ್ತದೆ.

ಏಜೆನ್ಸಿಗಳ ಅರ್ಜಿ ನಮೂನೆಯಲ್ಲಿ ಅಂಗಿಯ ಅಳತೆಗೆ ಕಾಲಂ ಇರುತ್ತದೆ, ಊಟದ ಪಥ್ಯಕ್ಕೂ ಇರುತ್ತದೆ. ಇನ್ನೆರಡು ಸಾಲು ಸೇರಿಸುವುದು ಕಷ್ಟವಲ್ಲ: ಆ ಹಳ್ಳಿಯಲ್ಲಿ ಈಗಾಗಲೇ ಮಕ್ಕಳನ್ನು ಆಡಿಸುತ್ತಿರುವ ಕೋಚ್‌ನ ಹೆಸರು, ಸ್ವಯಂಸೇವಕ ಕಟ್ಟುವ ಹಣದಲ್ಲಿ ಆ ಕೋಚ್‌ಗೆ ತಿಂಗಳಿಗೆ ಸಲ್ಲುವ ಮೊತ್ತ. ಆ ಎರಡು ಸಾಲು ಅಚ್ಚಾಗಿ ಬಂದ ಮೇಲೆ ಎಷ್ಟು ಜನ ಟಿಕೆಟ್ ಬುಕ್ ಮಾಡುತ್ತಾರೆ, ಎಷ್ಟು ಏಜೆನ್ಸಿಗಳು ಬಾಗಿಲು ತೆರೆದಿರುತ್ತವೆ, ನೋಡೇಬಿಡೋಣ.