ನಗಿಸುವವನಿಗೆ ಬೇರೇನೂ ಬರುವುದಿಲ್ಲವೇ?

ನಮ್ಮ ತರಗತಿಯಲ್ಲಿ ಪ್ರತಿಯೊಬ್ಬರಿಗೂ ಒಂದು ಹಣೆಪಟ್ಟಿ ಇದೆ. ಒಬ್ಬಳು ಪುಸ್ತಕದ ಹುಳು, ಒಬ್ಬ ಕ್ರಿಕೆಟ್ ಹುಚ್ಚ, ಇನ್ನೊಬ್ಬ ಕೊನೇ ಬೆಂಚಿನವನು. ನನ್ನದು 'ಜೋಕರ್'. ಕಳೆದ ವರ್ಷದ ಕಾಲೇಜು ವಾರ್ಷಿಕೋತ್ಸವದಲ್ಲಿ ಜಿಪುಣ ಸಾಹುಕಾರನ ಪಾತ್ರ ಮಾಡಿ ಎಲ್ಲರನ್ನೂ ನಗಿಸಿದ್ದೇ ಇದಕ್ಕೆ ಕಾರಣ. ಈ ಸಲ ನಾಟಕವನ್ನು ನಾನೇ ನಿರ್ದೇಶಿಸುತ್ತೇನೆ ಎಂದಾಗ ಗೆಳೆಯರು ಅದನ್ನೂ ಜೋಕ್ ಎಂದುಕೊಂಡು ನಕ್ಕರು. ಆಗ ನನಗೆ ನೆನಪಾದವರು ಅಮೆರಿಕದ ರಾನ್ ಹೋವರ್ಡ್.

1960ರಲ್ಲಿ 'ದಿ ಆ್ಯಂಡಿ ಗ್ರಿಫಿತ್ ಶೋ' ಎಂಬ ಹಾಸ್ಯ ಧಾರಾವಾಹಿ ಶುರುವಾದಾಗ ಅವರಿಗೆ ಆರು ವರ್ಷ. ಅದರಲ್ಲಿ ಶೆರಿಫನ ಪುಟ್ಟ ಮಗ ಓಪಿ. 1974ರಿಂದ 'ಹ್ಯಾಪಿ ಡೇಸ್' ಎಂಬ ಇನ್ನೊಂದು ಹಾಸ್ಯ ಧಾರಾವಾಹಿಯಲ್ಲಿ ರಿಚಿ ಎಂಬ ಸಾಧು ಹುಡುಗ. ಇಡೀ ದೇಶಕ್ಕೆ ಪರಿಚಿತ ಮುಖ. ಆದರೆ ಅವರ ಕಣ್ಣಿದ್ದದ್ದು ಕ್ಯಾಮೆರಾದ ಹಿಂದಿನ ಜಾಗದ ಮೇಲೆ.

ಆ ಜಾಗವನ್ನು ಯಾರೂ ಸುಮ್ಮನೆ ಕೊಡಲಿಲ್ಲ. ಕಡಿಮೆ ಖರ್ಚಿನ ಚಿತ್ರಗಳಿಗೆ ಹೆಸರಾದ ನಿರ್ಮಾಪಕ ರೋಜರ್ ಕಾರ್ಮನ್ ಜೊತೆ ಅವರು ಒಂದು ಒಪ್ಪಂದಕ್ಕೆ ಬಂದರು. 1976ರಲ್ಲಿ ಕಾರ್ಮನ್‌ಗಾಗಿ 'ಈಟ್ ಮೈ ಡಸ್ಟ್' ಎಂಬ ಕಾರು ಓಟದ ಚಿತ್ರದಲ್ಲಿ ನಟಿಸಿದರು. ಅದಕ್ಕೆ ಪ್ರತಿಯಾಗಿ ಮರುವರ್ಷ 'ಗ್ರ್ಯಾಂಡ್ ಥೆಫ್ಟ್ ಆಟೋ' ನಿರ್ದೇಶಿಸುವ ಅವಕಾಶ ಸಿಕ್ಕಿತು. ಆಗ ಅವರಿಗೆ 23 ವರ್ಷ. ಅದರಲ್ಲೂ ಮುಖ್ಯ ಪಾತ್ರ ಅವರೇ ಮಾಡಬೇಕಾಯಿತು.

ನನಗೆ ಬಹಳ ಇಷ್ಟವಾದದ್ದು ಅವರೇ ಹೇಳಿಕೊಂಡ ಇನ್ನೊಂದು ಪ್ರಸಂಗ. 1980ರ 'ಸ್ಕೈವರ್ಡ್' ಎಂಬ ಟಿವಿ ಚಿತ್ರದಲ್ಲಿ ಎರಡು ಆಸ್ಕರ್ ಪಡೆದ ಹಿರಿಯ ನಟಿ ಬೆಟ್ಟೆ ಡೇವಿಸ್ ನಟಿಸಿದ್ದರು. ಧಾರಾವಾಹಿಯ ಹುಡುಗ ತನಗೆ ನಿರ್ದೇಶನ ಮಾಡುತ್ತಾನೆಯೇ ಎಂಬ ಅನುಮಾನ ಅವರಿಗೆ. ರಾನ್ ಎಂದೇ ಕರೆಯಿರಿ ಎಂದು ಇವರು ಹೇಳಿದರೂ, ನೀನು ನನಗೆ ಇಷ್ಟವಾಗುತ್ತೀಯೋ ಇಲ್ಲವೋ ತೀರ್ಮಾನಿಸುವವರೆಗೆ 'ಮಿಸ್ಟರ್ ಹೋವರ್ಡ್' ಎಂದೇ ಕರೆಯುವೆ ಎಂದರಂತೆ. ಚಿತ್ರೀಕರಣದಲ್ಲಿ ಇವರು ಕೊಟ್ಟ ಸಲಹೆ ಸರಿಹೋಯಿತು. ಸಂಜೆ ಹೊರಡುವಾಗ ಆಕೆ 'ರಾನ್' ಎಂದು ಕರೆದರು. ಇವರು ವಾದ ಮಾಡಿ ಗೆದ್ದದ್ದಲ್ಲ, ಕೆಲಸ ಮಾಡಿ ಗೆದ್ದದ್ದು.

ಮುಂದಿನದು ಬಹಳ ಜನರಿಗೆ ಗೊತ್ತು. 1995ರಲ್ಲಿ 'ಅಪೊಲೊ 13'. ಆ ಚಿತ್ರ ಒಂಬತ್ತು ಆಸ್ಕರ್‌ಗಳಿಗೆ ನಾಮನಿರ್ದೇಶನಗೊಂಡರೂ ನಿರ್ದೇಶಕರ ಪಟ್ಟಿಯಲ್ಲಿ ಇವರ ಹೆಸರಿರಲಿಲ್ಲ. ಆಮೇಲೆ ಗಣಿತಜ್ಞ ಜಾನ್ ನ್ಯಾಶ್ ಕುರಿತ 'ಎ ಬ್ಯೂಟಿಫುಲ್ ಮೈಂಡ್'. ಅದಕ್ಕೆ 2002ರಲ್ಲಿ ಶ್ರೇಷ್ಠ ನಿರ್ದೇಶಕ ಆಸ್ಕರ್ ಬಂತು.

ಅವರ ತಂದೆಯೂ ನಟರು, ಹಾಗಾಗಿ ದಾರಿ ಸುಲಭವಾಯಿತು ಎಂದು ನೀವು ಹೇಳಬಹುದು. ಒಪ್ಪುತ್ತೇನೆ. ಆದರೆ ಆ ಅನುಕೂಲದಿಂದ ಸಿಕ್ಕಿದ್ದು ನಟನೆ. ನಿರ್ದೇಶನವನ್ನು ಅವರು ಬಾಯಿಬಿಟ್ಟು ಕೇಳಿದರು, ಅದಕ್ಕೆ ಬೆಲೆಯನ್ನೂ ಕೊಟ್ಟರು.

ನಮ್ಮಲ್ಲಿ ಹಣೆಪಟ್ಟಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಜೊತೆಗೇ ಬರುತ್ತದೆ. ಸೈನ್ಸ್ ತೆಗೆದುಕೊಂಡವನು ಬುದ್ಧಿವಂತ, ಆರ್ಟ್ಸ್ ತೆಗೆದುಕೊಂಡವನು ದಡ್ಡ. ಹದಿನಾರನೇ ವಯಸ್ಸಿಗೇ ತೀರ್ಪು ಮುಗಿಯುತ್ತದೆ. ಉಪನ್ಯಾಸಕರಲ್ಲಿ ನನ್ನ ವಿನಂತಿ ಇಷ್ಟೇ: ಪ್ರತಿವರ್ಷ ನಿರೂಪಣೆ ಮಾಡುವವರಿಗೇ ನಿರೂಪಣೆ, ಕುರ್ಚಿ ಹೊರುವವರಿಗೇ ಕುರ್ಚಿ ಬೇಡ. ಒಮ್ಮೆ ಅದಲುಬದಲು ಮಾಡಿ ನೋಡಿ. ಗೆಳೆಯರೇ, ನಿಮಗೂ ಒಂದು ಮಾತು. ಈಗ ಕೈಯಲ್ಲಿರುವ ಕೆಲಸವನ್ನು ಹಗುರವಾಗಿ ಕಾಣಬೇಡಿ, ಬೇಕಾದ ಕೆಲಸವನ್ನು ಕೇಳಲು ನಾಚಬೇಡಿ.

ನಾನೂ ಕೇಳಿದೆ. ಹತ್ತು ನಿಮಿಷದ ಒಂದು ಕಿರುನಾಟಕ ನಿರ್ದೇಶಿಸಲು ಸರ್ ಒಪ್ಪಿದ್ದಾರೆ. ಒಂದು ಷರತ್ತು ಇದೆ: ಜಿಪುಣ ಸಾಹುಕಾರನ ಪಾತ್ರ ಮತ್ತೆ ನಾನೇ ಮಾಡಬೇಕಂತೆ. ಸಂತೋಷದಿಂದ ಮಾಡುತ್ತೇನೆ. ನೋಡಲು ಬನ್ನಿ, ಇನ್‌ಶಾ ಅಲ್ಲಾಹ್.