ಮುಳ್ಳು ಮೊದಲೇ ಬೀಳುತ್ತೆ ಅಂದಿದ್ದರು ಅಪ್ಪ

ಅಪ್ಪನ ಕಾರು ಆಗುಂಬೆ ಘಾಟಿಯಲ್ಲಿ ಮೂರನೇ ಸಲ ನಿಂತಿದ್ದು ಕಳೆದ ಏಪ್ರಿಲ್‌ನಲ್ಲಿ. ಉಡುಪಿಯ ಅಕ್ಕನ ಮನೆಯಿಂದ ತೀರ್ಥಹಳ್ಳಿಗೆ ವಾಪಸ್ ಬರ್ತಾ ಇದ್ದರು. ಸೋಮೇಶ್ವರ ದಾಟಿ ಘಾಟಿ ಹತ್ತೋಕೆ ಶುರು ಮಾಡಿ ಅರ್ಧ ದಾರಿ ಬಂದಿರಬೇಕು, ಒಂದು ತಿರುವಿನಲ್ಲಿ ಇಂಜಿನ್ ಆಫ್. ಕೆಮ್ಮಿಲ್ಲ, ಎಳೆದಾಟವಿಲ್ಲ, ಯಾರೋ ಸ್ವಿಚ್ ಆರಿಸಿದ ಹಾಗೆ. ಪಕ್ಕದಲ್ಲಿ ಅಮ್ಮ, ಹಿಂದೆ ಹಾರ್ನ್ ಹೊಡೆಯುತ್ತಿದ್ದ ಮಿನಿ ಬಸ್ಸು. ಇಪ್ಪತ್ತೈದು ನಿಮಿಷ ಬಿಸಿಲಲ್ಲಿ ನಿಂತು ಮತ್ತೆ ಕೀ ತಿರುಗಿಸಿದರೆ ಏನೂ ಆಗಿಲ್ಲ ಅನ್ನೋ ಥರ ಸ್ಟಾರ್ಟ್ ಆಯ್ತಂತೆ.

ಆವತ್ತು ರಾತ್ರಿ ಭಾವ ಫೋನ್ ಮಾಡಿದರು. "ಇಪ್ಪತ್ತು ವರ್ಷದ ಗಾಡಿ, ಎಪ್ಪತ್ತು ವರ್ಷದ ಡ್ರೈವರ್. ಎರಡೂ ಒಟ್ಟಿಗೆ ರಿಟೈರ್ ಆಗ್ಲಿ ಮಾರಾಯ." ನಾನು ನಕ್ಕೆ. ನಕ್ಕಿದ್ದಷ್ಟೇ ಅಲ್ಲ, ಆಮೇಲೆ ಅಪ್ಪನಿಗೆ ಫೋನ್ ಮಾಡಿ "ತಿರುವಿನಲ್ಲಿ ಕ್ಲಚ್ ಸರಿಯಾಗಿ ಒತ್ತಿದ್ರಾ?" ಅಂತ ಕೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇರಬಹುದು ಕಣೋ. ಕಾಲು ಈಗ ಮೊದಲಿನ ಹಾಗಿಲ್ಲ" ಅಂದರು. ಅದಾದ ಮೇಲೆ ಮೊಮ್ಮಗಳನ್ನು ನೋಡೋಕೆ ಬಸ್ಸಲ್ಲೇ ಹೋಗಿಬರೋಕೆ ಶುರು ಮಾಡಿದರು. ಕಾರಿನ ಕೀ ಫ್ರಿಜ್ ಮೇಲಿನ ಡಬ್ಬಿಗೆ ಹೋಯ್ತು.

ನಮ್ಮ ಆಫೀಸಿನಲ್ಲಿ ಯಾರಾದರೂ ಒಂದು ಬಗ್ ಬಗ್ಗೆ ದೂರು ಕೊಟ್ಟರೆ, ಅದು ನಮ್ಮ ಮಷೀನಿನಲ್ಲಿ ಕಾಣಿಸದಿದ್ದರೆ, 'ಯೂಸರ್ ಎರರ್' ಅಂತ ಬರೆದು ಟಿಕೆಟ್ ಕ್ಲೋಸ್ ಮಾಡುವ ಸೋಮಾರಿಗಳಿದ್ದಾರೆ. ಅಂಥವರನ್ನು ಬೈಯೋದರಲ್ಲಿ ನಾನೇ ಮುಂದು. ಮನೆಯ ವಿಷಯದಲ್ಲಿ ಮಾಡಿದ್ದು ಮಾತ್ರ ಅದೇ ಕೆಲಸ.

ಅಷ್ಟು ಹೊತ್ತಿಗೆ ಕಾರಿಗೆ ಹೊಸ ಬ್ಯಾಟರಿ ಬಂದಿತ್ತು, 4,500 ರೂಪಾಯಿ. ಸರಿಹೋಗಲಿಲ್ಲ. ನಾಲ್ಕು ಸ್ಪಾರ್ಕ್ ಪ್ಲಗ್, 900. ಸರಿಹೋಗಲಿಲ್ಲ. ಫ್ಯೂಯೆಲ್ ಪಂಪ್, 5,800. ಅದಾದ ಮೇಲೂ ನಿಂತಿತು. ಗ್ಯಾರೇಜಿನವರನ್ನು ಬೈದು ಪ್ರಯೋಜನವಿಲ್ಲ. "ನಿಂತಿರೋ ಗಾಡಿ ತನ್ನಿ ಸ್ವಾಮಿ, ಓಡ್ತಾ ಇರೋ ಗಾಡೀಲಿ ನಾನೇನು ಹುಡುಕ್ಲಿ?" ಅಂತ ಅವರು ಕೇಳಿದ್ದು ನ್ಯಾಯವೇ. ಆಗಾಗ ಮಾತ್ರ ಬರುವ ತೊಂದರೆಯ ಕಷ್ಟವೇ ಇದು. ಡಾಕ್ಟರ್ ಮುಂದೆ ಕೂತ ಕೂಡಲೇ ಹಲ್ಲುನೋವು ಮಾಯವಾಗೋ ಹಾಗೆ, ಗ್ಯಾರೇಜ್ ಗೇಟು ಕಂಡರೆ ಗಾಡಿಗೆ ಆರೋಗ್ಯ ಬರುತ್ತೆ.

ಮೇ ತಿಂಗಳಲ್ಲಿ ನಾಲ್ಕು ದಿನ ರಜೆ ಹಾಕಿ ಊರಿಗೆ ಹೋದೆ. ಕಾರನ್ನು ಮಾರೋದೇ ಆದರೆ ಏನಾಗಿದೆ ಅಂತ ತಿಳಿದು ಮಾರೋಣ ಅನ್ನೋದು ನೆಪ. ಅಪ್ಪ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಗೇರ್ ಹಾಕೋ ಹಾಗೆ ಎಡಗೈ ಆಡಿಸ್ತಾರೆ ಅಂತ ಅಮ್ಮ ಹೇಳಿದ್ದು ನಿಜವಾದ ಕಾರಣ.

ಅಪ್ಪ ಮೂವತ್ತು ವರ್ಷ ಸೊಸೈಟಿಯಲ್ಲಿ ಅಡಿಕೆ ಲೆಕ್ಕ ಬರೆದವರು. ಕಾರಿಗೂ ಒಂದು ನೋಟ್‌ಬುಕ್ ಇಟ್ಟಿದ್ದಾರೆ, 2006ರಲ್ಲಿ ತಗೊಂಡ ದಿನದಿಂದ. ಪೆಟ್ರೋಲ್ ಎಷ್ಟು ಲೀಟರ್, ಕಿಲೋಮೀಟರ್ ಎಷ್ಟು, ಪಂಕ್ಚರ್ ಎಲ್ಲಿ, ಎಲ್ಲ ಅದರಲ್ಲಿದೆ. ನಾವು ಲಕ್ಷಗಟ್ಟಲೆ ಖರ್ಚು ಮಾಡಿ ಸರ್ವರ್‌ಗಳಿಂದ ತೆಗೆಯೋ ಲಾಗ್ ಇದೇ. ಕಾರು ನಿಂತ ಆರು ಸಲದ ವಿವರವೂ ಇತ್ತು. ಯಾರೂ ಕೇಳಿರಲಿಲ್ಲ, ಅವರಾಗಿ ಹೇಳಿರಲಿಲ್ಲ.

ಓದಿದರೆ ಒಂದು ಆಕಾರ ಕಾಣೋಕೆ ಶುರುವಾಯ್ತು. ಒಂದೂ ಬೆಳಿಗ್ಗೆಯದಲ್ಲ. ಎಲ್ಲವೂ ಕಾರು ಒಂದು ಗಂಟೆ ಓಡಿದ ಮೇಲಿನವು. ಎರಡು ಸಲ ಓಡುವಾಗ ಅಲ್ಲ, ನಿಲ್ಲಿಸಿದ ಮೇಲೆ: "ಹೆಬ್ರಿಯಲ್ಲಿ ಕಾಫಿ ಕುಡಿದು ಬಂದಾಗ ಸ್ಟಾರ್ಟ್ ಆಗಲಿಲ್ಲ. 20 ನಿಮಿಷ." ಇದು ಮೊದಲು ವಿಚಿತ್ರ ಅನ್ನಿಸುತ್ತೆ, ಆದರೆ ಬಿಸಿ ಇಂಜಿನ್ ಆಫ್ ಮಾಡಿದ ತಕ್ಷಣ ತಣ್ಣಗಾಗಲ್ಲ. ಗಾಳಿಯ ಓಟ ನಿಂತು, ಕೂಲೆಂಟ್ ಸುತ್ತೋದು ನಿಂತು, ಬಾನೆಟ್ ಒಳಗಿನ ಬಿಸಿ ಸ್ವಲ್ಪ ಹೊತ್ತು ಏರುತ್ತೆ. ಕಾಫಿ ಕುಡಿಯೋ ಹತ್ತು ನಿಮಿಷ ಅದಕ್ಕೆ ಸರಿಯಾದ ಸಮಯ.

ಐದನೇ ದಾಖಲೆಯ ಕೊನೆಗೆ ಇನ್ನೊಂದು ಸಾಲು ಇತ್ತು: "ಮುಳ್ಳು ಮೊದಲು ಬೀಳುತ್ತದೆ." ಏನಿದು ಅಂತ ಕೇಳಿದೆ. "ಆರ್‌ಪಿಎಂ ಮುಳ್ಳು. ಗಾಡಿ ಇನ್ನೂ ಓಡ್ತಾ ಇರುತ್ತೆ, ಗೇರಲ್ಲೇ ಇರುತ್ತೆ, ಆದರೆ ಆ ಮುಳ್ಳು ದಬಕ್ ಅಂತ ಸೊನ್ನೆಗೆ ಬೀಳುತ್ತೆ. ಆಮೇಲೆ ಗಾಡಿ ನಿಧಾನ ಆಗೋದು. ಗ್ಯಾರೇಜಲ್ಲಿ ಹೇಳ್ದೆ, ಅವರು ಮೀಟರ್ ಹಳೇದಾಗಿದೆ ಅಂದರು."

ಇದು ಯಾಕೆ ಮುಖ್ಯ ಅಂತ ಹೇಳ್ತೀನಿ. ಗಾಡಿ ಗೇರಲ್ಲಿ ಉರುಳ್ತಾ ಇದ್ದರೆ ಪೆಟ್ರೋಲ್ ಬರದೇ ಇದ್ದರೂ ಚಕ್ರಗಳು ಇಂಜಿನ್ನನ್ನು ತಿರುಗಿಸ್ತಾನೇ ಇರುತ್ತವೆ. ಹಾಗಾಗಿ ಮುಳ್ಳು ಗಾಡಿಯ ವೇಗದ ಜೊತೆಗೇ ಮೆಲ್ಲಗೆ ಇಳೀಬೇಕು. ಇಂಜಿನ್ ತಿರುಗುತ್ತಾ ಇದ್ದರೂ ಮುಳ್ಳು ಸೊನ್ನೆ ತೋರಿಸಿದರೆ, ಇಂಜಿನ್ ತಿರುಗುತ್ತಿದೆ ಅನ್ನೋ ಸುದ್ದಿಯೇ ಕಂಪ್ಯೂಟರಿಗೆ ತಲುಪ್ತಾ ಇಲ್ಲ ಅಂತ ಅರ್ಥ. ಆ ಸುದ್ದಿ ಕೊಡೋದು ಕ್ರ್ಯಾಂಕ್ ಸೆನ್ಸರ್. ಹೆಬ್ಬೆರಳಷ್ಟು ದಪ್ಪದ ಪ್ಲಾಸ್ಟಿಕ್ ತುಂಡು. ಇಂಜಿನ್ ಜೊತೆ ಸುತ್ತೋ ಹಲ್ಲಿನ ಚಕ್ರದ ಪಕ್ಕ ಕೂತು ಹಲ್ಲು ಎಣಿಸುತ್ತೆ. ಯಾವ ಕ್ಷಣಕ್ಕೆ ಪೆಟ್ರೋಲ್ ಚಿಮುಕಿಸಬೇಕು, ಯಾವಾಗ ಕಿಡಿ ಹೊಡೀಬೇಕು ಅಂತ ಇಸಿಯು ಲೆಕ್ಕ ಹಾಕೋದು ಈ ಎಣಿಕೆಯಿಂದ. ಎಣಿಕೆ ನಿಂತರೆ ಇಂಜಿನ್ ನಿಂತಿದೆ ಅಂದುಕೊಂಡು ಅದು ಕಿಡಿ, ಪೆಟ್ರೋಲ್ ಎರಡನ್ನೂ ಕಟ್ ಮಾಡುತ್ತೆ.

ಅಪ್ಪನ ಕಾರಿನಂಥ ಹಳೆಯ ಎರಡು ವೈರಿನ ಸೆನ್ಸರ್ ಒಳಗೆ ಕೂದಲಿಗಿಂತ ತೆಳುವಾದ ತಾಮ್ರದ ತಂತಿಯ ಸುರುಳಿ ಇರುತ್ತೆ. ವರ್ಷಾನುಗಟ್ಟಲೆ ಬಿಸಿಯಾಗಿ ತಣ್ಣಗಾಗಿ ಎಲ್ಲೋ ಒಂದು ಕಡೆ ಬಿರುಕು ಬಿಡುತ್ತೆ. ತಣ್ಣಗಿದ್ದಾಗ ತುದಿಗಳು ತಾಗಿಕೊಂಡಿರ್ತವೆ, ಬಿಸಿಯಾದಾಗ ಹಿಗ್ಗಿ ಬಿಟ್ಟುಕೊಳ್ತವೆ. ಇಪ್ಪತ್ತು ನಿಮಿಷಕ್ಕೆ ಮತ್ತೆ ತಾಗಿಕೊಳ್ತವೆ.

ಇದು ನನ್ನ ಊಹೆ ಮಾತ್ರ. ಬಿಸಿಗೆ ಕೈಕೊಡೋ ಗಿರಾಕಿಗಳು ಇನ್ನೂ ಇದ್ದಾರೆ: ಇಗ್ನಿಷನ್ ಕಾಯಿಲ್, ಬೆಸುಗೆ ಬಿಟ್ಟ ರಿಲೇ. ಆನ್‌ಲೈನಲ್ಲಿ ತರಿಸಿದ ಬ್ಲೂಟೂತ್ ಡಾಂಗಲ್ ಹಾಕಿ ನೋಡಿದೆ, ಒಂದೂ ಎರರ್ ಕೋಡ್ ಇಲ್ಲ. ಅದರಲ್ಲೂ ಅರ್ಥವಿದೆ. ಸುದ್ದಿ ನಿಂತಾಗ ಡ್ರೈವರ್ ತಾನೇ ಇಂಜಿನ್ ಆಫ್ ಮಾಡಿದ್ದಾನೆ ಅಂದುಕೊಳ್ಳೋ ಕಂಪ್ಯೂಟರ್ ಯಾಕೆ ಎರರ್ ಬರೆದುಕೊಳ್ಳುತ್ತೆ? ಫೋನಿನಲ್ಲಿ ಹಸಿರು ಟಿಕ್ ಕಂಡು 'ಗಾಡಿ ಓಕೆ' ಅಂದುಕೊಳ್ಳೋದು ಬೇಡ ಅಂತ ಇದನ್ನು ಬರೆದೆ.

ಮತ್ತೊಂದು ಭಾಗ ಬದಲಾಯಿಸೋ ಮೊದಲು ಸಾಬೀತು ಬೇಕಿತ್ತು. ಘಾಟಿಯಲ್ಲಿ ನಿಲ್ಲೋವರೆಗೂ ಕಾಯೋದು ಹೇಗೆ? ಅಕ್ಕ ಮದುವೆಗೆ ಮುಂಚೆ ಬಿಟ್ಟುಹೋಗಿದ್ದ ಹೇರ್ ಡ್ರೈಯರ್ ಅಟ್ಟದಲ್ಲಿತ್ತು. ಮಲ್ಟಿಮೀಟರ್ ಬೆಂಗಳೂರಿಂದ ತಂದಿದ್ದೆ, ನಾನೂರು ರೂಪಾಯಿಯದು. ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಅಂಗಳದಲ್ಲಿ ಬಾನೆಟ್ ಎತ್ತಿ, ಏರ್ ಫಿಲ್ಟರ್ ಡಬ್ಬಿ ಬಿಚ್ಚಿದ ಮೇಲೆ ಗೇರ್‌ಬಾಕ್ಸ್ ಹತ್ತಿರ ಸೆನ್ಸರ್ ಕಂಡಿತು. ಕೀ ಆಫ್ ಮಾಡಿ ಕನೆಕ್ಟರ್ ತೆಗೆದು ಎರಡು ಪಿನ್‌ಗೆ ಮೀಟರ್ ಹಿಡಿದೆ: 540 ಓಮ್. ಅಮ್ಮ ಎಕ್ಸ್‌ಟೆನ್ಷನ್ ವೈರ್ ತಂದುಕೊಟ್ಟು, "ಕಾರಿಗೆ ತಲೆ ಒಣಗಿಸ್ತೀಯಾ?" ಅಂದಳು.

ಡ್ರೈಯರ್ ಹಿಡಿದ ಅಪ್ಪ, ಮೀಟರ್ ನೋಡ್ತಾ ನಾನು. 560. 585. 610. ತಾಮ್ರ ಬಿಸಿಯಾದರೆ ರೆಸಿಸ್ಟೆನ್ಸ್ ಏರೋದು ಸಹಜ, ಇದರಲ್ಲಿ ಹೊಸದೇನಿಲ್ಲ. 625 ತೋರಿಸ್ತಾ ಇದ್ದ ಮೀಟರ್ ಒಮ್ಮೆಲೇ ಎಡತುದಿಯಲ್ಲಿ ಬರೀ 1 ತೋರಿಸಿತು. ಅಂದರೆ ದಾರಿಯೇ ಇಲ್ಲ, ತಂತಿ ಕಡಿದಿದೆ. ಡ್ರೈಯರ್ ಆಫ್ ಮಾಡಿ ಹತ್ತು ನಿಮಿಷ ಕಾದೆವು. ಮತ್ತೆ 570. ಅಪ್ಪ ಏನೂ ಮಾತಾಡದೆ ಡ್ರೈಯರ್ ಮತ್ತೆ ಆನ್ ಮಾಡಿದರು. ಮತ್ತೆ 1. ಮೂರನೇ ಸಲ ನಾನು ಬೇಡ ಅಂದರೂ ಕೇಳಲಿಲ್ಲ.

ಹೊಸ ಸೆನ್ಸರ್ 1,400, ಕೂಲಿ 300. ಗ್ಯಾರೇಜಿನವರು ಮೀಟರ್ ಆಟವನ್ನು ಎರಡು ಸಲ ನೋಡಿ, ಹೇರ್ ಡ್ರೈಯರ್ ಎಷ್ಟಾಗುತ್ತೆ ಅಂತ ವಿಚಾರಿಸಿದರು.

ನಿಮ್ಮಲ್ಲಿ ಬಹಳ ಜನರ ಅಪ್ಪಂದಿರ ಹತ್ತಿರ ಇಂಥ ಒಂದು ಗಾಡಿ ಇರುತ್ತೆ, ಫೋನ್ ನಿಮಗೇ ಬರುತ್ತೆ. ಆಗ ಕೇಳಬೇಕಾದ್ದು ಬೇರೆ ಪ್ರಶ್ನೆಗಳು. 'ಸ್ಟಾರ್ಟ್ ಆಗ್ತಿಲ್ಲ' ಅಂದರೆ ಕೀ ತಿರುಗಿಸಿದಾಗ ಏನು ಕೇಳಿಸ್ತು? ಟಿಕ್ ಅಂತ ಮಾತ್ರ ಸದ್ದು, ಅಥವಾ ಏನೂ ಇಲ್ಲ ಅಂದರೆ ಬ್ಯಾಟರಿ, ಅದರ ಟರ್ಮಿನಲ್ ಮೇಲಿನ ಬಿಳಿ-ಹಸಿರು ಪುಡಿ, ಬಾಡಿಗೆ ಹೋಗೋ ಅರ್ತ್ ವೈರ್, ಸ್ಟಾರ್ಟರ್. ಹೊಸ ಬ್ಯಾಟರಿ ಕೊಳ್ಳೋ ಮೊದಲು ಮೀಟರ್ ಹಿಡಿಸಿ: ಸುಮ್ಮನಿದ್ದಾಗ 12.6 ವೋಲ್ಟ್ ಹತ್ತಿರ, ಇಂಜಿನ್ ಓಡುವಾಗ 14ರ ಆಸುಪಾಸು ಇದ್ದರೆ ಬ್ಯಾಟರಿಗೆ ಶಿಕ್ಷೆ ಕೊಡೋ ಮುಂಚೆ ಬೇರೆ ಕಡೆ ನೋಡಬಹುದು. ಇಂಜಿನ್ ಗಿರಗಿರ ಜೋರಾಗಿ ತಿರುಗಿಯೂ ಹತ್ತಿಕೊಳ್ಳದಿದ್ದರೆ ಬ್ಯಾಟರಿಯ ತಪ್ಪಲ್ಲ. ಅಪ್ಪನ ಕೇಸಿನಲ್ಲಿ ಬ್ಯಾಟರಿ ಬದಲಾಯಿಸಿದ್ದು ಶುದ್ಧ ದಂಡ. ಹಿಂದಿನ ಸೀಟಿನ ಕಡೆ ಕಿವಿಯಿಟ್ಟು ಕೀ ಆನ್ ಮಾಡಿ, ಎರಡು ಸೆಕೆಂಡ್ ಗುಂಯ್ ಅಂದರೆ ಪಂಪಿಗೆ ಕರೆಂಟ್ ಹೋಗ್ತಾ ಇದೆ. ಸ್ಟಾರ್ಟರ್ ತಿರುಗುವಾಗ ಆರ್‌ಪಿಎಂ ಮುಳ್ಳು ಸ್ವಲ್ಪವಾದರೂ ಅಲ್ಲಾಡುತ್ತಾ ನೋಡಿ. ಓಡುವಾಗ ನಿಲ್ಲೋದಾದರೆ, ಎಳೆದೆಳೆದು ಕೆಮ್ಮಿ ನಿಂತಿತಾ ಅಥವಾ ದೀಪ ಆರಿದ ಹಾಗಾ? ಕೆಮ್ಮಿದರೆ ಸಾಮಾನ್ಯವಾಗಿ ಪೆಟ್ರೋಲ್ ದಾರಿ, ದೀಪ ಆರಿದ ಹಾಗಾದರೆ ಕರೆಂಟಿನ ದಾರಿ. ಮತ್ತೆ ಎಷ್ಟು ಹೊತ್ತಿಗೆ ಸರಿಹೋಯ್ತು, ಗಾಡಿ ಎಷ್ಟು ಬಿಸಿಯಾಗಿತ್ತು, ಎಲ್ಲ ಬರೆದಿಡೋಕೆ ಹೇಳಿ.

ಘಾಟಿಯಲ್ಲಿ ನಿಂತಾಗ ಮಾಡಬೇಕಾದ್ದನ್ನು ಅಪ್ಪ ಆ ದಿನ ತಪ್ಪಿಲ್ಲದೆ ಮಾಡಿದ್ದರು, ಇದೂ ನನಗೆ ಆಮೇಲೆ ಗೊತ್ತಾಗಿದ್ದು. ಇಂಜಿನ್ ನಿಂತರೆ ಸ್ಟೀರಿಂಗ್ ಕಲ್ಲಿನಂತಾಗುತ್ತೆ, ಆದರೆ ತಿರುಗುತ್ತೆ. ಬ್ರೇಕಿನ ಬೂಸ್ಟರ್‌ನಲ್ಲಿ ಎರಡು ಮೂರು ಸಲಕ್ಕೆ ಸಾಕಾಗೋಷ್ಟು ಶಕ್ತಿ ಉಳಿದಿರುತ್ತೆ, ಗಾಬರಿಯಲ್ಲಿ ಪಂಪ್ ಮಾಡಿದರೆ ಅದೂ ಖಾಲಿ. ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡೀಬೇಕು. ಗಾಡಿ ಪೂರ್ತಿ ನಿಲ್ಲೋವರೆಗೆ ಕೀ ಹೊರಗೆ ತೆಗೀಬಾರದು, ಸ್ಟೀರಿಂಗ್ ಲಾಕ್ ಆಗುತ್ತೆ. ಆಮೇಲೆ ಹ್ಯಾಂಡ್‌ಬ್ರೇಕ್, ಫಸ್ಟ್ ಗೇರ್, ನಾಲ್ಕೂ ಇಂಡಿಕೇಟರ್, ಚಕ್ರದ ಹಿಂದೆ ಕಲ್ಲು. ಹೊರಡುವಾಗ ಆ ಕಲ್ಲನ್ನು ರಸ್ತೆಯಿಂದ ಬದಿಗೆ ಹಾಕಿ, ದಯವಿಟ್ಟು. ನಮ್ಮ ಘಾಟಿಗಳಲ್ಲಿ ರಾತ್ರಿ ಬೈಕ್ ಓಡಿಸೋರಿಗೆ ಹೊಂಡಕ್ಕಿಂತ ಹೆಚ್ಚು ಹೆದರಿಕೆ ಈ ಕಲ್ಲುಗಳದ್ದು.

ರಜೆಯ ಕೊನೇ ದಿನ ಉಡುಪಿಗೆ ಹೊರಟೆವು. ನಾನು ಓಡಿಸ್ತೀನಿ ಅಂದೆ, ಅಪ್ಪ ಅಷ್ಟರಲ್ಲಿ ಡ್ರೈವರ್ ಸೀಟಲ್ಲಿ ಕೂತು ಕನ್ನಡಿ ಸರಿಮಾಡ್ತಾ ಇದ್ದರು. ವಾಪಸ್ ಬರೋದು ಬೇಕಂತಲೇ ಮಧ್ಯಾಹ್ನ ಎರಡು ಗಂಟೆಗೆ ಅಂತ ನಿರ್ಧಾರವಾಗಿತ್ತು, ಏಸಿ ಹಾಕಿಕೊಂಡೇ. ಹೆಬ್ರಿಯಲ್ಲಿ ನಿಲ್ಲಿಸಿ ಹತ್ತು ನಿಮಿಷ ಕಾಫಿ ಕುಡಿದೆವು, ಇದೂ ಬೇಕಂತಲೇ. ಒಂದೇ ಸಲಕ್ಕೆ ಸ್ಟಾರ್ಟ್ ಆಯ್ತು. ಘಾಟಿ ಹತ್ತುವಾಗ ನಾನು ರಸ್ತೆ ಬಿಟ್ಟು ಮುಳ್ಳನ್ನೇ ನೋಡ್ತಾ ಕೂತಿದ್ದೆ. ಹದಿನಾಲ್ಕು ತಿರುವು ಮುಗಿಯೋವರೆಗೂ ಅದು ಒಮ್ಮೆಯೂ ಬೀಳಲಿಲ್ಲ. ಸೂರ್ಯಾಸ್ತದ ಪಾಯಿಂಟ್ ಹತ್ತಿರ ಬಂದಾಗ ಅಪ್ಪ, "ಕ್ಲಚ್ ಸರಿಯಾಗಿ ಒತ್ತಿದೆನಾ?" ಅಂದರು. ಹಿಂದಿನ ಸೀಟಲ್ಲಿ ಅಮ್ಮ ನಕ್ಕಳು. ನನಗೆ ನಗು ಬರಲಿಲ್ಲ.

ಒಂದು ಹೇಳೋದು ಮರೆತೆ. ಉಡುಪಿಯಲ್ಲಿ ಊಟವಾದ ಮೇಲೆ ಅಪ್ಪ ಷರ್ಟಿನ ಜೇಬಿಂದ ಕಾಗದದಲ್ಲಿ ಸುತ್ತಿದ ಹಳೇ ಸೆನ್ಸರ್ ತೆಗೆದು ಭಾವನ ಮುಂದೆ ಟೇಬಲ್ ಮೇಲೆ ಇಟ್ಟರು. ಭಾವ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದಾ ಮಾವ? ಇಷ್ಟೇನಾ?" ಅಂದರು. ಅಪ್ಪ ಇಷ್ಟೇ ಅಂತ ತಲೆಯಾಡಿಸಿ, ಮತ್ತೆ ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡರು.