ಕಿಟಕಿ ಜೋಡಿಸುವುದೂ ಒಂದು ಪಾಠವೇ?



ಯುಗಾದಿಗೆಂದು ಬೆಂಗಳೂರಿನಿಂದ ಮಾರ್ಕೋನಹಳ್ಳಿಗೆ ಬಂದಿದ್ದ ನನ್ನ ತಮ್ಮನ ಮಗ, ಹಬ್ಬದ ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತಿನಲ್ಲಿ ನನ್ನ ಮೇಜಿನ ಬಳಿ ನಿಂತು ನಕ್ಕನು. ಹತ್ತಿರದ ಪ್ರೌಢಶಾಲೆಯೊಂದರ ಮಕ್ಕಳಿಗೆಂದು ನಾನು ಒಂದು ಪುಟದ ಟಿಪ್ಪಣಿಯನ್ನು ಸಿದ್ಧಪಡಿಸುತ್ತಿದ್ದೆ. ಗಣಕಯಂತ್ರದ ಪರದೆಯ ಮೇಲೆ ತೆರೆದ ಕಿಟಕಿಗಳನ್ನು ಹೇಗೆ ಜೋಡಿಸಿಕೊಳ್ಳಬೇಕು ಎಂಬುದು ಅದರ ವಿಷಯ.

"ಏನು ದೊಡ್ಡಪ್ಪ, ಇದೂ ಒಂದು ಪಾಠಾನಾ? ಒಂದು ಸಾಫ್ಟ್‌ವೇರ್ ಹಾಕಿದ್ರೆ ಅದೇ ಜೋಡಿಸುತ್ತೆ. ಮಕ್ಕಳಿಗೆ ಪ್ರೋಗ್ರಾಮಿಂಗ್ ಹೇಳಿಕೊಡಿ. ಇದನ್ನೆಲ್ಲ ಅವರೇ ಕಲಿತುಕೊಳ್ತಾರೆ" ಎಂದನು.

ಅಂದು ಹಬ್ಬದ ದಿನವಾದ್ದರಿಂದ ವಾದ ಬೆಳೆಸಲಿಲ್ಲ. ಇಂದು ಬೆಳೆಸುತ್ತಿದ್ದೇನೆ. ಅವನ ಮಾತನ್ನೇ ಆಡುವ ಶಿಕ್ಷಕ ಮಿತ್ರರೂ ನನಗೆ ಹಲವರಿದ್ದಾರೆ. ಆದ್ದರಿಂದ ಈ ಉತ್ತರ ಅವನೊಬ್ಬನಿಗೆ ಮಾತ್ರವಲ್ಲ.

ಗಣಕಯಂತ್ರದ ಪರಿಚಯ ಕಡಿಮೆ ಇರುವ ನನ್ನ ಬಂಧುಗಳಿಗಾಗಿ ಒಂದು ಮಾತು. ಯಂತ್ರದಲ್ಲಿ ನಾವು ತೆರೆಯುವ ಪ್ರತಿಯೊಂದು ಪತ್ರ, ಲೆಕ್ಕದ ಹಾಳೆ, ಜಾಲತಾಣ ಒಂದೊಂದು ಚೌಕಟ್ಟಿನೊಳಗೆ ಕಾಣಿಸಿಕೊಳ್ಳುತ್ತದೆ. ಆ ಚೌಕಟ್ಟಿಗೆ ವಿಂಡೋ, ಅಂದರೆ ಕಿಟಕಿ ಎಂದು ಹೆಸರು. ಸಾಮಾನ್ಯವಾಗಿ ಒಂದು ಕಿಟಕಿ ಇನ್ನೊಂದರ ಮೇಲೆ ಕೂತು ಅದನ್ನು ಮರೆಮಾಡುತ್ತದೆ. ಅವುಗಳನ್ನು ಅಕ್ಕಪಕ್ಕ ಇಡುವುದಕ್ಕೂ ಕೆಲಸಕ್ಕೆ ತಕ್ಕಂತೆ ಗುಂಪು ಮಾಡುವುದಕ್ಕೂ ಯಂತ್ರದಲ್ಲೇ ಉಪಾಯಗಳಿವೆ.

ಇದರ ಬೆಲೆ ನನಗೆ ತಿಳಿದದ್ದು 2016ರ ಮಾರ್ಚ್ ತಿಂಗಳಲ್ಲಿ. ಅದೂ ನನ್ನದೇ ತಪ್ಪಿನಿಂದ. ಹತ್ತನೆಯ ತರಗತಿಯ ಮಕ್ಕಳಿಗೆ ಸಮಾಜ ವಿಜ್ಞಾನದಲ್ಲಿ 20 ಅಂಕಗಳ ಆಂತರಿಕ ಮೌಲ್ಯಮಾಪನವಿರುತ್ತದೆ. ಆ ಅಂಕಗಳನ್ನು ಅಂತರ್ಜಾಲದ ಮೂಲಕ ತುಂಬುವ ಕೆಲಸ ನನ್ನ ಪಾಲಿಗೆ ಬಂದಿತ್ತು. ನನ್ನ ಅಂಕಪಟ್ಟಿ ಒಂದು ಕಿಟಕಿಯಲ್ಲಿ, ತುಂಬಬೇಕಾದ ನಮೂನೆ ಇನ್ನೊಂದು ಕಿಟಕಿಯಲ್ಲಿ. ಎರಡೂ ಪರದೆಯ ತುಂಬ ಹರಡಿಕೊಂಡಿದ್ದವು. ಪಟ್ಟಿಯಲ್ಲಿ ಮೂವರ ಅಂಕ ನೋಡಿ, ಬಾಯಲ್ಲೇ ಹೇಳಿಕೊಳ್ಳುತ್ತ, ಆಲ್ಟ್ ಮತ್ತು ಟ್ಯಾಬ್ ಕೀಲಿಗಳನ್ನು ಒತ್ತಿ ನಮೂನೆಗೆ ಹೋಗಿ ತುಂಬುವುದು. ಮತ್ತೆ ಹಿಂದಿರುಗಿ ಇನ್ನು ಮೂವರದನ್ನು ನೋಡುವುದು. ಹೀಗೆ ಸಾಗಿತ್ತು ಕೆಲಸ. ನಡುವೆ ಒಬ್ಬ ಹುಡುಗ ವರ್ಗಾವಣೆ ಪತ್ರ ಪಡೆದು ಬೇರೆ ಶಾಲೆಗೆ ಹೋಗಿದ್ದನು. ಅವನ ಹೆಸರು ನನ್ನ ಪಟ್ಟಿಯಲ್ಲಿ ಉಳಿದಿತ್ತು, ನಮೂನೆಯಲ್ಲಿ ಇರಲಿಲ್ಲ. ಅಲ್ಲಿಂದ ಮುಂದಕ್ಕೆ ಎಲ್ಲರ ಅಂಕವೂ ಒಂದೊಂದು ಸಾಲು ಕೆಳಗಿಳಿದವು. ಹದಿನಾಲ್ಕು ಮಕ್ಕಳಿಗೆ ಅವರದಲ್ಲದ ಅಂಕ ಬಂದಿತು. ನನಗೆ ಅದರ ಅರಿವೇ ಆಗಲಿಲ್ಲ.

ಕೊನೆಯ ಸಲ್ಲಿಕೆಗೆ ಮೊದಲು ಮುದ್ರಿಸಿದ ಪ್ರತಿಯನ್ನು ಮಕ್ಕಳಿಗೆ ತೋರಿಸಿ ಸಹಿ ಹಾಕಿಸುವ ಅಭ್ಯಾಸ ನನಗಿತ್ತು. ಅದೊಂದೇ ಅಂದು ನನ್ನ ಮಾನ ಉಳಿಸಿದ್ದು. ಸದಾ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ, ಬಾಯಿ ಬಿಟ್ಟು ಮಾತನಾಡದ ಒಬ್ಬ ಹುಡುಗಿ ಸಿಬ್ಬಂದಿ ಕೊಠಡಿಯ ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದು, "ಸಾರ್, ನಂಗೆ ಹತ್ತೊಂಬತ್ತು ಅಂತ ಹೇಳಿದ್ರಿ. ಇಲ್ಲಿ ಹನ್ನೊಂದು ಅಂತಿದೆ" ಎಂದಳು. ಅವಳು ಕೇಳದೆ ಸಹಿ ಹಾಕಿ ಹೋಗಿದ್ದರೆ ಏನಾಗುತ್ತಿತ್ತು? ಎಂಟು ಅಂಕ ಕಳೆದುಕೊಳ್ಳುತ್ತಿದ್ದಳು. ಅವಳ ಹಿಂದಿನ ಹೆಸರಿನವನು ಗಳಿಸದ ಅಂಕವನ್ನು ಪಡೆಯುತ್ತಿದ್ದನು. ಮೂವತ್ತು ವರ್ಷಗಳ ಕಾಲ ಮಕ್ಕಳಿಗೆ "ಉತ್ತರವನ್ನು ಎರಡು ಸಲ ನೋಡಿ" ಎಂದು ಹೇಳಿದವನು ಆ ಹೊತ್ತು ತಲೆ ತಗ್ಗಿಸಿದೆ.

ಅಂದು ಸಂಜೆ ನಮ್ಮ ಕಚೇರಿಯ ಯುವ ಗುಮಾಸ್ತರು ನನ್ನ ಪಾಡನ್ನು ನೋಡಿ ಹತ್ತಿರ ಬಂದರು. ವಿಂಡೋಸ್ ಚಿಹ್ನೆಯ ಕೀಲಿಯನ್ನು ಹಿಡಿದು ಎಡ ಬಾಣವನ್ನು ಒತ್ತಿದರು. ಅಂಕಪಟ್ಟಿ ಪರದೆಯ ಎಡ ಅರ್ಧಕ್ಕೆ ಹೋಯಿತು. ಇನ್ನೊಂದು ಕಿಟಕಿಗೆ ಬಲ ಬಾಣ ಒತ್ತಿದರು. ನಮೂನೆ ಬಲ ಅರ್ಧಕ್ಕೆ ಬಂದಿತು. "ಈಗ ಸಾಲಿಗೆ ಸಾಲು ನೋಡ್ಕೊಂಡು ತುಂಬಿ ಸಾರ್" ಎಂದರು. ಅರ್ಧ ನಿಮಿಷದ ಪಾಠ. ಕೆಲಸ ಒಂದು ಗಂಟೆಯೊಳಗೆ ಮುಗಿಯಿತು. ವರ್ಗವಾಗಿ ಹೋದ ಹುಡುಗನ ಸಾಲು ಕಣ್ಣಿಗೆ ರಾಚುವಂತೆ ಕಂಡಿತು.

ನಾನು ಅದಕ್ಕೆ ಮುಂಚೆ ಗಣಕಯಂತ್ರ ತರಬೇತಿಗಳಿಗೆ ಹೋದವನೇ. ಮಾನಿಟರ್ ಎಂದರೇನು, ಸಿಪಿಯು ಎಂದರೇನು, ಇನ್‌ಪುಟ್ ಸಾಧನಗಳಿಗೆ ಐದು ಉದಾಹರಣೆ ಕೊಡಿ ಎಂಬುದನ್ನೆಲ್ಲ ಬರೆದುಕೊಂಡು ಬಂದಿದ್ದೆ. ನಕಲು ಮಾಡುವ ಕೀಲಿ, ಅಂಟಿಸುವ ಕೀಲಿಗಳನ್ನು ಹೇಳಿಕೊಟ್ಟರು. ಎರಡನ್ನು ಅಕ್ಕಪಕ್ಕ ಇಟ್ಟು ನೋಡುವ ಕೀಲಿಯನ್ನು ಮಾತ್ರ ಯಾರೂ ಹೇಳಿಕೊಡಲಿಲ್ಲ. ನಕಲು ಮಾಡುವುದನ್ನು ಕಲಿಸಿ ಹೋಲಿಸುವುದನ್ನು ಕಲಿಸದೆ ಬಿಟ್ಟ ಶಿಕ್ಷಣದ ಫಲವನ್ನು ಇಂದು ಮಕ್ಕಳ ಪ್ರಾಜೆಕ್ಟ್ ಪುಸ್ತಕಗಳಲ್ಲಿ ಕಾಣುತ್ತಿದ್ದೇವೆ.

ಈಗ ಆಕ್ಷೇಪಗಳಿಗೆ ಬರುತ್ತೇನೆ.

ಮೊದಲನೆಯದು: ಇದು ಬರಿಯ ಅನುಕೂಲ, ವಿದ್ಯೆಯಲ್ಲ ಎಂಬುದು. ಹಾಗಾದರೆ ನಮ್ಮ ಹಳೆಯ ಅಂಗಡಿಯ ಲೆಕ್ಕಿಗರು ಕಿರ್ದಿ ಪುಸ್ತಕವನ್ನು ಒಂದು ಪಕ್ಕದಲ್ಲಿ, ಖಾತೆಯನ್ನು ಇನ್ನೊಂದು ಪಕ್ಕದಲ್ಲಿ ಬಿಚ್ಚಿಟ್ಟುಕೊಂಡು ಕೂರುತ್ತಿದ್ದುದು ಅನುಕೂಲಕ್ಕಾಗಿ ಮಾತ್ರವೇ? ಕಿರ್ದಿಯನ್ನು ಮುಚ್ಚಿಟ್ಟು ನೆನಪಿನಿಂದ ಖಾತೆ ಬರೆಯುವವನನ್ನು ಯಾವ ಯಜಮಾನನೂ ಕೆಲಸಕ್ಕೆ ಇಟ್ಟುಕೊಳ್ಳುತ್ತಿರಲಿಲ್ಲ. ಕಣ್ಣ ಮುಂದೆ ಇರಬೇಕಾದುದನ್ನು ನೆನಪಿಗೆ ಹೊರಿಸಿದರೆ ತಪ್ಪು ಬಂದೇ ಬರುತ್ತದೆ. ಬಲ್ಲವರು ಇದನ್ನು ಬಹಳ ಹಿಂದೆಯೇ ಕಂಡಿದ್ದರು. ಅಮೆರಿಕದ ಜೆರಾಕ್ಸ್ ಸಂಸ್ಥೆಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದಲ್ಲಿದ್ದ ಆಸ್ಟಿನ್ ಹೆಂಡರ್ಸನ್ ಮತ್ತು ಸ್ಟುವರ್ಟ್ ಕಾರ್ಡ್ ಎಂಬುವರು 1986ರಲ್ಲಿ 'ರೂಮ್ಸ್' ಎಂಬ ವ್ಯವಸ್ಥೆಯನ್ನು ಕುರಿತು ಪ್ರಬಂಧ ಬರೆದರು. ಚಿಕ್ಕ ಪರದೆಯ ಮೇಲೆ ಹಲವು ಕಿಟಕಿಗಳು ಜಾಗಕ್ಕಾಗಿ ಹೋರಾಡಿದಾಗ ಮನುಷ್ಯನ ಹೊತ್ತು ಅವುಗಳನ್ನು ಸರಿಸುವುದರಲ್ಲೇ ಕಳೆದುಹೋಗುತ್ತದೆ. ಒಂದೊಂದು ಕೆಲಸಕ್ಕೆ ಬೇಕಾದ ಕಿಟಕಿಗಳನ್ನು ಒಂದೊಂದು ಕೋಣೆಯಲ್ಲಿ ಇಟ್ಟರೆ ಈ ಕಾಟ ತಪ್ಪುತ್ತದೆ ಎಂಬುದು ಅವರ ವಿಚಾರ. ಮನುಷ್ಯ ಹೇಗೆ ಕೆಲಸ ಮಾಡುತ್ತಾನೆಂಬುದನ್ನು ಗಮನಿಸಿ ಹೇಳಿದ ಮಾತು ಅದು.

ಎರಡನೆಯದು: ತಂತ್ರಾಂಶವೇ ಜೋಡಿಸುತ್ತದೆ ಎಂಬುದು. ಇದು ನನ್ನ ತಮ್ಮನ ಮಗನ ವಾದ. ಇತಿಹಾಸದ ಮೇಷ್ಟ್ರಾದ ನಾನು ಸ್ವಲ್ಪ ಇತಿಹಾಸ ಹೇಳಬೇಕಾಗಿದೆ. ಮೈಕ್ರೋಸಾಫ್ಟ್ ಸಂಸ್ಥೆಯ ಮೊದಲ ವಿಂಡೋಸ್ 1985ರಲ್ಲಿ ಬಂದಾಗ ಅದರಲ್ಲಿ ಕಾರ್ಯಕ್ರಮಗಳ ಕಿಟಕಿಗಳು ನೆಲಕ್ಕೆ ಹಾಸಿದ ಕಲ್ಲುಚಪ್ಪಡಿಗಳಂತೆ ಅಕ್ಕಪಕ್ಕದಲ್ಲೇ ಇರುತ್ತಿದ್ದವು. ಒಂದರ ಮೇಲೊಂದು ಬರುತ್ತಿರಲಿಲ್ಲ. 1987ರ ಎರಡನೆಯ ಆವೃತ್ತಿಯಲ್ಲಿ ಒಂದರ ಮೇಲೊಂದು ಕೂರತೊಡಗಿದವು. 2009ರ ವಿಂಡೋಸ್ 7ರಲ್ಲಿ ಅರ್ಧರ್ಧ ಪರದೆಗೆ ಕಿಟಕಿಯನ್ನು ಅಂಟಿಸುವ ಉಪಾಯ ಬಂದಿತು; 2015ರ ವಿಂಡೋಸ್ 10ರಲ್ಲಿ ಬೇರೆ ಬೇರೆ ಕೆಲಸಕ್ಕೆ ಬೇರೆ ಬೇರೆ ಡೆಸ್ಕ್‌ಟಾಪ್ ಮಾಡಿಕೊಳ್ಳುವ ಸೌಲಭ್ಯ ಬಂದಿತು. ಲಿನಕ್ಸ್ ಬಳಸುವವರಿಗೆ ಅದು ಎಷ್ಟೋ ಮೊದಲೇ ಇತ್ತು. 2021ರ ವಿಂಡೋಸ್ 11 ಪರದೆಯನ್ನು ಎರಡು, ಮೂರು, ನಾಲ್ಕು ಭಾಗ ಮಾಡುವ ಮಾದರಿಗಳನ್ನೇ ಮುಂದಿಡುತ್ತದೆ. ಸಾಲದವರಿಗೆ ಪವರ್‌ಟಾಯ್ಸ್ ಎಂಬ ಉಚಿತ ತಂತ್ರಾಂಶದಲ್ಲಿ ಫ್ಯಾನ್ಸಿಜೋನ್ಸ್ ಇದೆ. ತಮಗೆ ಬೇಕಾದಂತೆ ಅಂಕಣ ಹಾಕಿಕೊಳ್ಳಬಹುದು.

ಇಷ್ಟೆಲ್ಲ ಉಪಕರಣಗಳಲ್ಲಿ ಒಂದಾದರೂ "ಈ ಅಂಕಪಟ್ಟಿಯ ಪಕ್ಕದಲ್ಲಿ ಆ ನಮೂನೆ ಇರಬೇಕು" ಎಂದು ತಾನಾಗಿ ನಿರ್ಧರಿಸಿ ನನಗೆ ಹೇಳಲಿಲ್ಲ. ಅವು ಅಂಕಣ ಹಾಕಿಕೊಡುತ್ತವೆ. ಯಾವ ಅಂಕಣದಲ್ಲಿ ಏನಿರಬೇಕೆಂಬುದು ಕೆಲಸದ ಅರ್ಥ ಬಲ್ಲವನಿಗೆ ಗೊತ್ತು. ಹಬ್ಬದ ದಿನ ಸಂಜೆ ನನ್ನ ತಮ್ಮನ ಮಗನಿಗೆ ಕಚೇರಿಯಿಂದ ಒಂದು ಕರೆ ಬಂದಿತು. ಯಾವುದೋ ಒಂದು ಅಂಕಿಯನ್ನು ಕೇಳಿದರು. ಅವನ ಲ್ಯಾಪ್‌ಟಾಪಿನಲ್ಲಿ ಫ್ಯಾನ್ಸಿಜೋನ್ಸ್ ಇದೆ, ಐದು ಡೆಸ್ಕ್‌ಟಾಪ್‌ಗಳಿವೆ. "ಒಂದು ನಿಮಿಷ ಸಾರ್, ಒಂದು ನಿಮಿಷ" ಎನ್ನುತ್ತ ಐದರಲ್ಲೂ ಹುಡುಕಿದನು. ನಾನು ಒಂದು ಲೋಟ ಕಾಫಿ ಕುಡಿದು ಮುಗಿಸಿದರೂ ಅಂಕಿ ಸಿಕ್ಕಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆ ನಮ್ಮಲ್ಲಿದೆ. ನೆಲವನ್ನು ನುಣುಪು ಮಾಡಿದ ಮಾತ್ರಕ್ಕೆ ಕುಣಿತ ಬರುವುದಿಲ್ಲ ಎಂಬುದು ಆ ಗಾದೆಯ ಇನ್ನೊಂದು ಮುಖ. ಅವನು ಇದನ್ನು ಓದಿ ಸಿಟ್ಟಾಗಬಾರದು. ನಾನು ಅವನಿಗಿಂತ ದೊಡ್ಡ ತಪ್ಪು ಮಾಡಿದವನೆಂದು ಮೇಲೆಯೇ ಒಪ್ಪಿಕೊಂಡಿದ್ದೇನೆ.

ಮೂರನೆಯದು: ಮಕ್ಕಳು ತಾವೇ ಕಲಿಯುತ್ತಾರೆ ಎಂಬುದು. ಎಲ್ಲಿಂದ ಕಲಿಯಬೇಕು? ನಮ್ಮ ಹಳ್ಳಿಯ ಮಗುವಿಗೆ ಮೊದಲು ಸಿಗುವ ಯಂತ್ರ ತಂದೆಯ ಮೊಬೈಲು. ಅಂಗೈಯಗಲದ ಪರದೆಯಲ್ಲಿ ಒಂದು ಹೊತ್ತಿಗೆ ಒಂದೇ ವಿಷಯ ಕಾಣುತ್ತದೆ. ಬೆರಳು ಸರಿಸಿದರೆ ಅದು ಹೋಗಿ ಇನ್ನೊಂದು ಬರುತ್ತದೆ. ಹಿಂದೆ ಮಗುವಿನ ಮುಂದೆ ಪುಸ್ತಕವೊಂದು, ಸ್ಲೇಟೊಂದು ಜೊತೆಯಲ್ಲೇ ಇರುತ್ತಿದ್ದವು. ನೋಡಿ ಬರೆ, ಬರೆದು ನೋಡು ಎಂಬ ಅಭ್ಯಾಸ ಕೇಳದೆಯೇ ಬರುತ್ತಿತ್ತು. ಈಗ ಅದನ್ನು ಹೇಳಿಕೊಡಬೇಕಾಗಿದೆ. ಒಂದಾದ ಮೇಲೊಂದನ್ನು ನೋಡಿದವನಿಗೆ ಕೊನೆಯಲ್ಲಿ ನೋಡಿದ್ದೇ ಸತ್ಯವಾಗಿ ಕಾಣುತ್ತದೆ. ಎರಡನ್ನೂ ಒಟ್ಟಿಗೆ ನೋಡಿದವನು ಪ್ರಶ್ನೆ ಕೇಳುತ್ತಾನೆ. ಬಾಗಿಲಲ್ಲಿ ನಿಂತ ಆ ಹುಡುಗಿ ಕೇಳಿದ್ದೂ ಹಾಗೆಯೇ. ನಾನು ಹೇಳಿದ ಅಂಕ, ಕಾಗದದ ಮೇಲಿನ ಅಂಕ ಎರಡೂ ಅವಳ ಮುಂದಿದ್ದವು.

ಕೊನೆಯದು: ಶಾಲೆಯ ಯಂತ್ರಗಳು ಹಳೆಯವು, ಪರದೆ ಚಿಕ್ಕದು ಎಂಬುದು. ಹಾಸಿಗೆ ಇದ್ದಷ್ಟು ಕಾಲು ಚಾಚೋಣ. ನಾಲ್ಕು ಕಿಟಕಿ ಹಿಡಿಸದಿದ್ದರೆ ಎರಡನ್ನೇ ಇಡೋಣ. ಇದಕ್ಕೆ ಹೊಸ ತಂತ್ರಾಂಶ ಬೇಡ, ಅಂತರ್ಜಾಲ ಬೇಡ, ಒಂದು ರೂಪಾಯಿಯ ಖರ್ಚೂ ಇಲ್ಲ. ಬೇಕಾದುದು ಒಬ್ಬ ಶಿಕ್ಷಕ, ಒಂದು ಪಿರಿಯಡ್.

ಆ ಒಂದು ಪಿರಿಯಡ್ಡಿನಲ್ಲಿ ನಾನಾದರೆ ಮಾಡುವುದು ಇಷ್ಟು. ಎಡಗಡೆ 1953ಕ್ಕೆ ಮೊದಲಿನ ಮೈಸೂರು ರಾಜ್ಯದ ಭೂಪಟ; ಬಲಗಡೆ 1956ರ ನವೆಂಬರ್ 1ರ ನಂತರದ ಭೂಪಟ. ಯಾವ ಯಾವ ಪ್ರದೇಶಗಳು ಬಂದು ಸೇರಿದವು, ಎಲ್ಲಿಂದ ಬಂದವು ಎಂದು ಮಕ್ಕಳೇ ಕಣ್ಣಾಡಿಸಿ ಹೇಳಲಿ. 1953ರಲ್ಲಿ ಆಂಧ್ರ ರಾಜ್ಯವಾದಾಗಲೇ ಬಳ್ಳಾರಿ ಮೈಸೂರಿಗೆ ಸೇರಿತ್ತೆಂಬುದನ್ನೂ, ಕಾಸರಗೋಡು ಕೇರಳದ ಕಡೆ ಉಳಿಯಿತೆಂಬುದನ್ನೂ ಆಗ ಹೇಳಿದರೆ ಅದು ನೆನಪಿನಲ್ಲಿ ನಿಲ್ಲುತ್ತದೆ. ಬಳಿಕ ವಿಂಡೋಸ್ ಮತ್ತು ಕಂಟ್ರೋಲ್ ಕೀಲಿಗಳೊಂದಿಗೆ ಡಿ ಅಕ್ಷರವನ್ನು ಒತ್ತಿ ಎರಡನೆಯ ಡೆಸ್ಕ್‌ಟಾಪ್ ತೆರೆಯಲಿ. ಉತ್ತರ ಬರೆಯುವ ಹಾಳೆ ಅಲ್ಲಿರಲಿ. ಅದೇ ಎರಡು ಕೀಲಿಗಳೊಂದಿಗೆ ಬಾಣಗಳನ್ನು ಒತ್ತಿದರೆ ಒಂದರಿಂದ ಇನ್ನೊಂದಕ್ಕೆ ಹೋಗಿ ಬರಬಹುದು. ನೋಡುವ ಕೋಣೆ ಒಂದು, ಬರೆಯುವ ಕೋಣೆ ಇನ್ನೊಂದು. ನೋಡಿದ್ದನ್ನು ತನ್ನ ಮಾತಿನಲ್ಲಿ ಬರೆಯುವುದು ಆಗ ಅನಿವಾರ್ಯವಾಗುತ್ತದೆ.

ಇನ್ನೊಂದು ಮಾತನ್ನು ಹೇಳದಿದ್ದರೆ ಪಾಠ ಅರ್ಧವಾಗುತ್ತದೆ. ಶಿಂಷಾ ನದಿಗೆ ಅಡ್ಡಲಾಗಿ ಕಟ್ಟಿದ ನಮ್ಮೂರಿನ ಜಲಾಶಯವನ್ನು ನೀವು ನೋಡಿದ್ದೀರಿ. ಅದರಲ್ಲಿ ತಾನಾಗಿ ಕೆಲಸ ಮಾಡುವ ಸೈಫನ್ ಇದೆ. ನೀರು ಗೊತ್ತಾದ ಮಟ್ಟವನ್ನು ಮೀರಿದಾಗ ಯಾರೂ ಗೇಟು ಎತ್ತಬೇಕಾಗಿಲ್ಲ; ಒಳನುಗ್ಗಿದ ನೀರು ಗಾಳಿಯನ್ನು ಹೊರಕ್ಕೆ ತಳ್ಳಿ ಭೋರ್ಗರೆದು ಹರಿಯುತ್ತದೆ. ಮಟ್ಟ ಇಳಿದು ಗಾಳಿ ಒಳಹೊಕ್ಕಾಗ ತಾನೇ ನಿಲ್ಲುತ್ತದೆ. ನಮ್ಮ ಗಣಕಯಂತ್ರಗಳ ಪರದೆಗೆ ಅಂತಹ ಸೈಫನ್ ಇಲ್ಲ. ತೆರೆದ ಕಿಟಕಿಗಳು ತುಂಬುತ್ತ ಹೋಗುತ್ತವೆ, ಯಂತ್ರ ಮಂದವಾಗುತ್ತದೆ, ತಲೆಯೂ ಮಂದವಾಗುತ್ತದೆ. ಕೆಲಸ ಮುಗಿದ ಕಿಟಕಿಯನ್ನು ಮುಚ್ಚುವುದು ನಮ್ಮ ಕೈಯಲ್ಲೇ ಇದೆ. ಪಾಠ ಮುಗಿದ ಮೇಲೆ ಕಪ್ಪುಹಲಗೆ ಒರೆಸುವ ಶಿಸ್ತು ಅದು.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ಶಿಕ್ಷಕರಾಗಿದ್ದೀರಿ. ಈ ವಾರ ಲ್ಯಾಬಿನಲ್ಲಿ ಒಂದು ಪಿರಿಯಡ್ಡನ್ನು ಇದಕ್ಕೆಂದು ತೆಗೆದಿಡಿ. ಮಕ್ಕಳು ಎರಡು ಭೂಪಟಗಳನ್ನು ಅಕ್ಕಪಕ್ಕ ಇಟ್ಟು ಏನು ಕೇಳಿದರೆಂಬುದನ್ನು ನನಗೆ ಬರೆದು ತಿಳಿಸಿ. ನನ್ನ ತಮ್ಮನ ಮಗನಿಗೂ ಓದಿ ಹೇಳುತ್ತೇನೆ.

ಇತಿ,
ನಿಮ್ಮ ಮೇಷ್ಟ್ರು